ಎರಡು ತಳಗಳ ಕೆರೆ

ಹೂಳು ತುಂಬಿದ ಕೆರೆಗೆ ತಳ ಒಂದಲ್ಲ, ಎರಡು. ನೀರು ಮುಗಿದು ಕೆಸರು ಶುರುವಾಗುವ ಮಟ್ಟ ಒಂದು. ಕೆಸರು ಮುಗಿದು, ಕೆರೆ ಕಟ್ಟಿದ ಕಾಲದ ಗಟ್ಟಿ ನೆಲ ಸಿಗುವ ಮಟ್ಟ ಇನ್ನೊಂದು. ಕೆರೆ ಇವತ್ತು ಎಷ್ಟು ನೀರು ಹಿಡಿಯುತ್ತದೆ ಎಂಬುದು ಮೇಲಿನ ತಳದಿಂದ ಗೊತ್ತಾಗುತ್ತದೆ. ಹೂಳೆತ್ತಿದರೆ ಎಷ್ಟು ಹಿಡಿದೀತು ಎಂಬುದಕ್ಕೆ ಕೆಳಗಿನ ತಳ ಗೊತ್ತಿರಬೇಕು. ಬಂಡೆಯ ಅಥವಾ ಮರಳಿನ ತಳವಿದ್ದಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟರೆ ಆಳ ಸಿಕ್ಕಿತು. ಮೆತ್ತನೆಯ ಕೆಸರಿನಲ್ಲಿ ಅದೇ ಕಲ್ಲು ಮೇಲಿನ ತಳವನ್ನು ದಾಟಿ, ಕೆಳಗಿನದನ್ನು ಮುಟ್ಟದೆ, ನಡುವೆ ಎಲ್ಲೋ ನಿಲ್ಲುತ್ತದೆ. ಅದು ಕೊಟ್ಟ ಅಂಕಿ ಎರಡು ತಳಗಳಲ್ಲಿ ಯಾವುದರದ್ದೂ ಅಲ್ಲ.

ಈ ಗೊಂದಲ ಸಣ್ಣದಲ್ಲ. ಹೂಳೆತ್ತುವ ಕೆಲಸಕ್ಕೆ ಹಣ ಸಲ್ಲುವುದು ಘನಮೀಟರಿನ ಲೆಕ್ಕದಲ್ಲಿ. 20 ಹೆಕ್ಟೇರಿನ ಒಂದು ಸಾಧಾರಣ ಹಳ್ಳಿ ಕೆರೆಯಲ್ಲಿ ಹೂಳಿನ ದಪ್ಪವನ್ನು ಬರೀ 20 ಸೆಂಟಿಮೀಟರ್ ಹೆಚ್ಚಾಗಿ ಬರೆದುಕೊಂಡರೂ ಲೆಕ್ಕದಲ್ಲಿ 40,000 ಘನಮೀಟರ್ ಕೂಡಿಕೊಳ್ಳುತ್ತದೆ. ಟ್ರ್ಯಾಕ್ಟರಿನ ಟ್ರೈಲರಿಗೆ 3 ಘನಮೀಟರ್ ಎಂದು ಹಿಡಿದರೆ 13,000ಕ್ಕೂ ಹೆಚ್ಚು ಲೋಡು. ಊರಿನವರು ಕೆಲಸ ಮುಗಿದ ಮೇಲೆ ಇಷ್ಟು ಮಣ್ಣು ಎಲ್ಲಿ ಹೋಯಿತು ಎಂದು ಕೇಳುವುದಕ್ಕಿಂತ, ಕೆಲಸ ಶುರುವಾಗುವ ಮೊದಲೇ ತಮ್ಮ ಕೆರೆಯನ್ನು ತಾವೇ ಅಳೆದಿಟ್ಟುಕೊಳ್ಳುವುದು ಎಷ್ಟೋ ಮೇಲು. ಅದಕ್ಕೆ ಲಕ್ಷಾಂತರ ರೂಪಾಯಿಯ ಯಂತ್ರ ಬೇಕಿಲ್ಲ. ಬೇಕಾದದ್ದು ಒಂದು ಬಿಲ್ಲೆ, ಒಂದು ಸರಳು, ಗುರುತು ಹಾಕಿದ ಹಗ್ಗ, ಮತ್ತು ಯಾವ ಸಾಧನ ಯಾವ ತಳವನ್ನು ತೋರಿಸುತ್ತದೆ ಎಂಬ ಸ್ಪಷ್ಟ ತಿಳಿವಳಿಕೆ.

ದೊಡ್ಡ ಜಲಾಶಯಗಳ ಅಳತೆಯಲ್ಲೂ ಈ ತೊಡಕು ಇದ್ದೇ ಇದೆ. ಹೊಸಪೇಟೆಯ ಬಳಿ 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ. 2008ರ ಸಮೀಕ್ಷೆಯ ಪ್ರಕಾರ ಅದು 100.855 ಟಿಎಂಸಿಗೆ ಇಳಿದಿತ್ತು. 2016ರ ಸಮೀಕ್ಷೆಯ ನಂತರ ಒಪ್ಪಿಕೊಂಡ ಅಂಕಿ 105.788 ಟಿಎಂಸಿ. ಎಂಟು ವರ್ಷಗಳಲ್ಲಿ ನದಿ ಇನ್ನಷ್ಟು ಹೂಳು ತಂದಿದ್ದರೂ ಕಾಗದದ ಮೇಲೆ ಸಾಮರ್ಥ್ಯ ಸುಮಾರು 5 ಟಿಎಂಸಿ ಏರಿತು. ಅಳೆಯುವ ವಿಧಾನ ಬದಲಾದರೆ ತಳವೂ ಬದಲಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಹುಡುಕಬೇಕಾಗಿಲ್ಲ.

ತಳ ಹೀಗೆ ಜಾರಿಕೊಳ್ಳುವುದಕ್ಕೆ ಕಾರಣ ಹೂಳಿನ ಸ್ವಭಾವ. ಮಳೆನೀರಿನೊಡನೆ ಬಂದ ಜೇಡಿಯ ಅತಿ ಸಣ್ಣ ಕಣಗಳು, ಕೊಳೆತ ಜೊಂಡು, ಪಾಚಿ, ಅಂತರಗಂಗೆಯ ಬೇರು, ಊರಿನ ಕೊಳಚೆ ಎಲ್ಲವೂ ನಿಧಾನವಾಗಿ ಇಳಿದು ಕೂರುತ್ತವೆ. ಮರಳು ಇಳಿದ ಕೂಡಲೇ ಕಣಕ್ಕೆ ಕಣ ಒತ್ತಿ ನಿಲ್ಲುತ್ತದೆ. ಜೇಡಿಯ ಕಣಗಳ ನಡುವೆ ಮಾತ್ರ ನೀರು ಸಿಕ್ಕಿಕೊಂಡೇ ಉಳಿದು, ಮೇಲೆ ಹೊಸ ಪದರದ ಭಾರ ಬಿದ್ದಂತೆಲ್ಲ ವರ್ಷಗಟ್ಟಲೆ ಹಿಂಡಿಕೊಂಡು ಹೊರಬರುತ್ತದೆ. ಹೀಗಾಗಿ ಮೇಲ್ಪದರ ಅಂಬಲಿಯ ಹದದಲ್ಲಿರುತ್ತದೆ, ಕೆಳಪದರ ಮುದ್ದೆಯ ಹದದಲ್ಲಿ. ಒಂದು ಹದ ಮುಗಿದು ಇನ್ನೊಂದು ಶುರುವಾಗುವ ಗೆರೆ ಎಲ್ಲಿಯೂ ಇರುವುದಿಲ್ಲ.

ತೂಕದಲ್ಲಿ ನೂರಕ್ಕೆ 80 ಪಾಲು ನೀರೇ ಇರುವ ಕೆಸರು ಲೀಟರಿಗೆ ಸುಮಾರು 1.14 ಕಿಲೋ ತೂಗುತ್ತದೆ. ಬರೀ ನೀರಿಗಿಂತ 140 ಗ್ರಾಂ ಹೆಚ್ಚು, ಅಷ್ಟೆ. ಇಂಥದ್ದರ ಮೇಲೆ ಯಾವ ಕಲ್ಲೂ ನಿಲ್ಲದು. ರೋಟರ್‌ಡ್ಯಾಮ್ ಬಂದರಿನಲ್ಲಿ ಇದೇ ಗುಣವನ್ನು ಬಳಸಿಕೊಂಡು 1970ರ ದಶಕದಿಂದಲೇ ಹೊಸ ಲೆಕ್ಕ ಹಿಡಿದರು. ಘನಮೀಟರಿಗೆ 1,200 ಕಿಲೋಗಿಂತ ತೆಳುವಾದ ಕೆಸರನ್ನು ಹಡಗು ಸೀಳಿಕೊಂಡು ಹೋಗಬಲ್ಲದು, ಆದ್ದರಿಂದ ಆ ಸಾಂದ್ರತೆ ಸಿಗುವ ಮಟ್ಟವೇ ಹಡಗಿನ ಪಾಲಿಗೆ ತಳ ಎಂದು ಗೊತ್ತುಮಾಡಿಕೊಂಡರು. ತಳ ಎಂಬುದು ಪ್ರಕೃತಿ ಎಳೆದ ಗೆರೆಯಲ್ಲ, ಕೆಲಸಕ್ಕೆ ತಕ್ಕಂತೆ ಮನುಷ್ಯರು ನಿಶ್ಚಯಿಸಿಕೊಳ್ಳುವ ಮಟ್ಟ ಎಂಬುದನ್ನು ಕೆರೆ ಅಳೆಯುವವರೂ ಮೊದಲು ಒಪ್ಪಿಕೊಳ್ಳಬೇಕು.

ಕಡಿಮೆ ಖರ್ಚಿನ ಅಳತೆಗೆ ಹಳೆಯ ಪರಂಪರೆಯೇ ಇದೆ. ಹಡಗಿನವರ ಸೀಸದ ಗುಂಡಿನ ಬುಡದಲ್ಲಿ ಒಂದು ಗುಳಿ ಇರುತ್ತಿತ್ತು. ಅದಕ್ಕೆ ಕೊಬ್ಬು ಮೆತ್ತಿ ನೀರಿಗೆ ಬಿಟ್ಟರೆ ಆಳದ ಜೊತೆಗೆ ತಳದ ಮಣ್ಣಿನ ಮಾದರಿಯೂ ಅಂಟಿಕೊಂಡು ಮೇಲೆ ಬರುತ್ತಿತ್ತು. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೊ 1846ರ ಆರಂಭದಲ್ಲಿ, ಮೇಲ್ಮೈ ಹೆಪ್ಪುಗಟ್ಟಿದ್ದಾಗ, ಮೀನು ಹಿಡಿಯುವ ದಾರಕ್ಕೆ ಸುಮಾರು ಒಂದೂವರೆ ಪೌಂಡಿನ ಕಲ್ಲು ಕಟ್ಟಿ ವಾಲ್ಡನ್ ಕೊಳವನ್ನು ಅಳೆದರು. ಆ ಕೊಳಕ್ಕೆ ತಳವೇ ಇಲ್ಲವೆಂದು ಸುತ್ತಲಿನ ಜನ ನಂಬಿದ್ದರು. ಸಿಕ್ಕಿದ್ದು 102 ಅಡಿ, ಮುಂದಿನ ಅಳತೆಗಳಿಗೂ ಹೊಂದಿಬಂದ ಅಂಕಿ. ಕಲ್ಲು ಯಾವಾಗ ತಳ ಬಿಟ್ಟಿತು ಎಂಬುದನ್ನು ಅವರು ಕೈಗೆ ಸಿಕ್ಕ ಬಿಗಿಯಿಂದ ತಿಳಿಯುತ್ತಿದ್ದರು. ಕಲ್ಲಿನ ಅಡಿಗೆ ನೀರು ನುಗ್ಗುವ ತನಕ ಎಳೆಯುವುದು ಕಷ್ಟ, ನುಗ್ಗಿದ ಮೇಲೆ ಹಗುರ. ಮೆತ್ತನೆಯ ತಳದಲ್ಲಿ ಈ ಬಿಗಿ ಇನ್ನೂ ಎದ್ದು ಕಾಣುತ್ತದೆ, ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಸ್ಕಾಟ್ಲೆಂಡಿನಲ್ಲಿ 1897ರಿಂದ 1909ರವರೆಗೆ ನಡೆದ ಸಮೀಕ್ಷೆ ಇನ್ನೂ ದೊಡ್ಡದು. ಸರ್ ಜಾನ್ ಮರ್ರೆಯವರ ಜೊತೆ ಈ ಕೆಲಸ ಶುರುಮಾಡಿದ ತರುಣ ಫ್ರೆಡರಿಕ್ ಪುಲ್ಲರ್, ಸಣ್ಣ ದೋಣಿಯಲ್ಲಿ ಕೂರಿಸಬಹುದಾದ ಒಂದು ರಾಟೆ ಯಂತ್ರವನ್ನು ರೂಪಿಸಿದ್ದರು. ತಂತಿಯ ತುದಿಗೆ ಭಾರ ಕಟ್ಟಿ ಇಳಿಬಿಟ್ಟು ಆಳ ಓದುವ ಸಾಧನ ಅದು. 1901ರ ಫೆಬ್ರುವರಿಯಲ್ಲಿ ಹಿಮ ಒಡೆದು ನೀರಿಗೆ ಬಿದ್ದವರನ್ನು ಉಳಿಸಲು ಹೋಗಿ ಫ್ರೆಡರಿಕ್ ತೀರಿಕೊಂಡರು. ತಂದೆ ಲಾರೆನ್ಸ್ ಪುಲ್ಲರ್ ಹಣ ಕೊಟ್ಟು ಮಗನ ಕೆಲಸ ನಿಲ್ಲದಂತೆ ನೋಡಿಕೊಂಡರು. ಒಟ್ಟು 562 ಸರೋವರಗಳಲ್ಲಿ 60,000ಕ್ಕೂ ಹೆಚ್ಚು ಕಡೆ ಆಳ ಅಳೆಯಲಾಯಿತು. ವಿದ್ಯುತ್ತಿಲ್ಲದ ಸಾಧನ, ಶಿಸ್ತಿನ ಕೈ, ಒಂದೇ ವಿಧಾನ: ಅಷ್ಟು ದೊಡ್ಡ ಕೆಲಸ ನಿಂತದ್ದು ಇವುಗಳ ಮೇಲೆ.

ಕೆಸರಿನ ಕೆರೆಗೆ ಬಂದರೆ, ಮೇಲಿನ ತಳವನ್ನು ಹುಡುಕುವ ಅತ್ಯಂತ ಸರಳ ಸಾಧನ ಅಗಲವಾದ ಬಿಲ್ಲೆ. ಗುಂಡು ಮುಳುಗುವುದು ಅದರ ತೂಕ ಸಣ್ಣ ಜಾಗದ ಮೇಲೆ ಬೀಳುವುದರಿಂದ. ಒಂದು ಕಿಲೋ ಕಬ್ಬಿಣ ನೀರಿನೊಳಗೆ ಸುಮಾರು 870 ಗ್ರಾಂ ತೂಗುತ್ತದೆ. ಅದು 4 ಸೆಂಟಿಮೀಟರ್ ಅಡ್ಡಗಲದ ಉದ್ದನೆಯ ಗುಂಡಾಗಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 70 ಗ್ರಾಂ ಭಾರ ಬೀಳುತ್ತದೆ. ಅದೇ ತೂಕವನ್ನು 20 ಸೆಂಟಿಮೀಟರ್ ವ್ಯಾಸದ ಬಿಲ್ಲೆಯ ಮೇಲೆ ಹರಡಿದರೆ 3 ಗ್ರಾಂಗಿಂತಲೂ ಕಡಿಮೆ. ಒತ್ತಡ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯಿತು. ಗುಂಡು ಸೀಳಿಕೊಂಡು ಹೋಗುವ ಪದರದ ಮೇಲೆ ಬಿಲ್ಲೆ ನಿಲ್ಲುತ್ತದೆ. ಹಳೆಯ ಅಲ್ಯೂಮಿನಿಯಂ ಮುಚ್ಚಳ, ಅಕ್ರಿಲಿಕ್ ಹಾಳೆ, ದಪ್ಪ ತಗಡು ಯಾವುದಾದರೂ ಸರಿ. ಅದರಲ್ಲಿ ನಾಲ್ಕಾರು ತೂತು ಕೊರೆದರೆ ನೀರು ಅವುಗಳ ಮೂಲಕ ಹಾಯ್ದು ಬಿಲ್ಲೆ ಅತ್ತಿತ್ತ ಓಲಾಡದೆ ನೇರವಾಗಿ ಇಳಿಯುತ್ತದೆ, ಅಡಿಯಲ್ಲಿ ಗಾಳಿಗುಳ್ಳೆಯೂ ನಿಲ್ಲುವುದಿಲ್ಲ.

ಬಿಲ್ಲೆಯನ್ನು ಕೈಬಿಟ್ಟು ಬೀಳಿಸಬಾರದು. ವೇಗವಾಗಿ ಇಳಿದ ಬಿಲ್ಲೆ ತನ್ನ ಓಟದಲ್ಲೇ ಕೆಸರಿಗೆ ನುಗ್ಗುತ್ತದೆ. ಕೊನೆಯ ಅರ್ಧ ಮೀಟರನ್ನು ಕೈಯಿಂದ ಕೈಗೆ ನಿಧಾನವಾಗಿ ಬಿಡಬೇಕು. ಹಗ್ಗ ಸಡಿಲವಾದ ಕ್ಷಣವೇ ತಳ. ತೀರಾ ತೆಳು ಕೆಸರಿನಲ್ಲಿ ಈ ಸಡಿಲ ಕೈಗೆ ತಿಳಿಯದು. ಆಗ ಹಗ್ಗದ ಮೇಲ್ತುದಿಯನ್ನು ಒಂದು ಸ್ಪ್ರಿಂಗ್ ತಕ್ಕಡಿಗೆ, ಅಥವಾ ಪ್ರಯಾಣದ ಚೀಲ ತೂಗುವ ಅಗ್ಗದ ಡಿಜಿಟಲ್ ತಕ್ಕಡಿಗೆ ಸಿಕ್ಕಿಸಿದರೆ ಕಣ್ಣಿಗೆ ಕಾಣುತ್ತದೆ: ನೀರಿನಲ್ಲಿ ಇಳಿಯುವಷ್ಟು ಹೊತ್ತೂ ತೂಕ ಒಂದೇ ಸಮ, ಕೆಸರು ತಾಗಿದಲ್ಲಿಂದ ಇಳಿಮುಖ. ತೂಕ ಅರ್ಧಕ್ಕೆ ಬಂದ ಆಳವನ್ನು ಬರೆದುಕೊಳ್ಳುವುದು ಎಂದು ಮೊದಲೇ ನಿಯಮ ಮಾಡಿಕೊಂಡರೆ ಯಾರು ಅಳೆದರೂ ಉತ್ತರ ಹತ್ತಿರಹತ್ತಿರ ಬರುತ್ತದೆ. ಬಿಲ್ಲೆಯ ಅಗಲ ಮತ್ತು ತೂಕವನ್ನು ಅಳತೆಯ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಬೇಕು; ಬೇರೆ ಬಿಲ್ಲೆ ಬೇರೆ ತಳವನ್ನು ಕೊಡುತ್ತದೆ.

ಹಗ್ಗವೂ ಅಳತೆಯ ಭಾಗ. ನೈಲಾನ್ ಹಗ್ಗ ಭಾರಕ್ಕೆ ಹಿಗ್ಗುತ್ತದೆ, ಹತ್ತಿಯದು ನೆನೆದರೆ ಕುಗ್ಗುತ್ತದೆ. ಹೆಣೆದ ಪಾಲಿಯೆಸ್ಟರ್ ಹಗ್ಗ ವಾಸಿ. ಗಾರೆ ಕೆಲಸದವರು ಬಳಸುವ ಫೈಬರ್ ಟೇಪಿಗೇ ಬಿಲ್ಲೆ ಕಟ್ಟಿದರೆ ಗುರುತು ಹಾಕುವ ತಾಪತ್ರಯವೂ ತಪ್ಪುತ್ತದೆ.

ಕೆಳಗಿನ ತಳಕ್ಕೆ ಬೇಕಾದದ್ದು ಇದಕ್ಕೆ ತದ್ವಿರುದ್ಧ ಸಾಧನ: ತೆಳ್ಳಗೆ, ಚೂಪಾಗಿ, ಬಾಗದಂತಿರುವ ಸರಳು. ಮನೆ ಕಟ್ಟುವ 12 ಮಿಲಿಮೀಟರ್ ಕಬ್ಬಿಣದ ಸರಳು ಮೀಟರಿಗೆ ಸುಮಾರು 890 ಗ್ರಾಂ ತೂಗುತ್ತದೆ. ಆರು ಮೀಟರಿನದು ಐದು ಕಿಲೋ ದಾಟುವುದರಿಂದ ಯಾರೂ ಒತ್ತದೆಯೇ ಮೆತ್ತನೆಯ ಪದರವನ್ನು ದಾಟಿ ಇಳಿದುಬಿಡುತ್ತದೆ. ಇನ್ನೂ ಆಳ ಬೇಕಾದಲ್ಲಿ ಅರ್ಧ ಇಂಚಿನ ಜಿ.ಐ. ಪೈಪು ಅನುಕೂಲ. ತುಂಡುಗಳನ್ನು ತಿರುಪಿನ ಕಪ್ಲಿಂಗಿನಿಂದ ಒಂದಕ್ಕೊಂದು ಸೇರಿಸುತ್ತಾ ಹೋಗಬಹುದು. ಪೈಪಿನ ಬಾಯಿ ತೆರೆದಿದ್ದರೆ ಕೆಸರು ಒಳಗೇರುತ್ತದೆ, ಆದ್ದರಿಂದ ತುದಿಗೆ ಚೂಪಾದ ಮೊನೆಯೊಂದನ್ನು ಬೆಸೆಯಬೇಕು. ಆ ಮೊನೆ ಪೈಪಿಗಿಂತ ತುಸು ದಪ್ಪಗಿರಲಿ. ಮೊನೆ ಕೊರೆದ ದಾರಿ ಪೈಪಿಗೆ ಸಡಿಲವಾಗಿದ್ದರೆ ಕೆಸರು ಪಕ್ಕದಿಂದ ಹಿಡಿದುಕೊಳ್ಳುವುದಿಲ್ಲ, ಕೈಗೆ ತಿಳಿಯುವ ಪ್ರತಿರೋಧ ಮೊನೆಯದ್ದೇ ಆಗಿರುತ್ತದೆ. ಹತ್ತು ಸೆಂಟಿಮೀಟರಿಗೊಂದು ಬಣ್ಣದ ಪಟ್ಟಿ, ಮೀಟರಿಗೊಂದು ಬೇರೆ ಬಣ್ಣ ಬಳಿದರೆ ಸಾಧನ ಸಿದ್ಧ.

ಸರಳಿನಿಂದ ಎರಡು ಅಂಕಿ ಸಿಗುತ್ತವೆ. ತನ್ನ ಭಾರಕ್ಕೆ ತಾನೇ ಇಳಿದು ನಿಂತ ಆಳ ಒಂದು, ಒತ್ತಿದ ಮೇಲೂ ಇಳಿಯದೆ ನಿಂತ ಆಳ ಇನ್ನೊಂದು. ಇವುಗಳ ಮೊದಲು ಬಿಲ್ಲೆಯದ್ದನ್ನೂ ಇಟ್ಟರೆ ಒಂದು ಜಾಗಕ್ಕೆ ಮೂರು ಅಂಕಿ. ಇವು ಮೂರೂ ಒಂದಕ್ಕೊಂದು ಹತ್ತಿರವಿದ್ದರೆ ಅಲ್ಲಿ ಹೂಳಿಲ್ಲ. ಮೊದಲೆರಡರ ನಡುವೆ ಅಂತರ ದೊಡ್ಡದಾಗಿದ್ದರೆ ಮೇಲ್ಪದರ ಅಂಬಲಿ ಹದದ್ದು. ಕೊನೆಯೆರಡರ ನಡುವೆ ದೊಡ್ಡದಾಗಿದ್ದರೆ ಹೂಳು ಹಳೆಯದು, ಗಟ್ಟಿಯಾದದ್ದು. ಗಟ್ಟಿ ಹೂಳನ್ನು ಅಗೆದು ಲೋಡು ಮಾಡಬಹುದು. ತೆಳು ಹೂಳು ಅಗೆತಕ್ಕೆ ಸಿಗದೆ ಹರಿದು ಬಿಡುತ್ತದೆ. ಅದನ್ನು ಪಂಪಿನಿಂದ ಎತ್ತಬೇಕು, ಇಲ್ಲವೇ ಬೇಸಿಗೆಯಲ್ಲಿ ಒಣಗಲು ಬಿಡಬೇಕು. ಕೆಲಸಕ್ಕೆ ಯಾವ ಯಂತ್ರ ತರಿಸಬೇಕು ಎಂಬ ನಿರ್ಧಾರ ಹೀಗೆ ಒಂದು ಸರಳಿನ ಅಳತೆಯಿಂದಲೇ ಆಗಬಲ್ಲದು.

ಸರಳು ನಿಂತದ್ದೆಲ್ಲ ಮೂಲ ನೆಲವೆಂದು ನಂಬುವಂತಿಲ್ಲ. ಬಯಲುಸೀಮೆಯ ಕೆರೆಗಳು ಬರಗಾಲದಲ್ಲಿ ಬತ್ತುತ್ತವೆ. ಒಣಗಿದ ಹೂಳು ಬಿರಿದು ಹೆಪ್ಪಳಿಕೆ ಕಟ್ಟುತ್ತದೆ, ಮುಂದಿನ ಮಳೆಗಾಲದಲ್ಲಿ ಅದರ ಮೇಲೆ ಹೊಸ ಹೂಳು ಕೂರುತ್ತದೆ. ಸರಳು ಆ ಹಳೆಯ ಹೆಪ್ಪಳಿಕೆಗೆ ತಾಗಿ ನಿಂತರೆ ಅದರ ಕೆಳಗಿನ ಹೂಳು ಲೆಕ್ಕದಿಂದ ಬಿಟ್ಟುಹೋಗುತ್ತದೆ. ಕೈಯ ಅನುಭವ ಇಲ್ಲಿ ನೆರವಿಗೆ ಬರುತ್ತದೆ. ಗರಸು ನೆಲಕ್ಕೆ ತಾಗಿದ ಸರಳು ಕರಕರ ಎನ್ನುತ್ತದೆ, ಬಂಡೆಗೆ ತಾಗಿದರೆ ಟಣ್ಣೆಂದು ಪುಟಿಯುತ್ತದೆ, ಒಣಗಿದ ಹೆಪ್ಪಳಿಕೆಯಾದರೆ ಎತ್ತಿ ಎರಡು ಸಲ ಕುಟ್ಟಿದಾಗ ತೂತು ಬಿದ್ದು ಮತ್ತೆ ಇಳಿಯುತ್ತದೆ. ಒಬ್ಬರ ಬಲ ಇನ್ನೊಬ್ಬರಿಗಿಲ್ಲ ಎಂಬ ತೊಂದರೆಗೂ ಪರಿಹಾರವಿದೆ. ಸರಳಿಗೆ ತೂತಿರುವ ಭಾರವೊಂದನ್ನು ಪೋಣಿಸಿ, ಅದನ್ನು ಗೊತ್ತಾದ ಎತ್ತರದಿಂದ ಜಾರಿಸಿ, ಇಂತಿಷ್ಟು ಪೆಟ್ಟಿಗೆ ಇಂತಿಷ್ಟೂ ಇಳಿಯದಿದ್ದರೆ ಅದೇ ತಳ ಎಂದು ನಿಯಮ ಮಾಡಿಕೊಳ್ಳುವುದು. ರಸ್ತೆಯ ಮಣ್ಣಿನ ಬಿಗಿ ಪರೀಕ್ಷಿಸಲು ಎಂಜಿನಿಯರುಗಳು ಬಳಸುವುದೂ ಇದೇ ತತ್ವವನ್ನು.

ಸರಳು ಓರೆಯಾದರೆ ಆಳ ಸುಳ್ಳು ಹೇಳುತ್ತದೆ. ಐದು ಮೀಟರ್ ಓದಿದಾಗ 10 ಡಿಗ್ರಿ ವಾಲಿದ್ದರೆ ನಿಜವಾದ ಆಳ 8 ಸೆಂಟಿಮೀಟರ್ ಕಡಿಮೆ, 15 ಡಿಗ್ರಿಯಾದರೆ 17 ಸೆಂಟಿಮೀಟರ್ ಕಡಿಮೆ. ಇದಕ್ಕೆ ಕಾರಣ ಸಾಮಾನ್ಯವಾಗಿ ದೋಣಿ ಸರಿಯುವುದು. ಹರಿಗೋಲು ಒತ್ತಿದ ಕಡೆಗೆ ತಿರುಗಿಬಿಡುವುದರಿಂದ ಈ ಕೆಲಸಕ್ಕೆ ಅಷ್ಟು ಒಗ್ಗದು. ಎರಡು ತೆಪ್ಪಗಳನ್ನು ಹಲಗೆ ಹಾಕಿ ಜೋಡಿಸಿ, ನಡುವಿನ ಸಂದಿಯಲ್ಲಿ ಸರಳನ್ನು ಇಳಿಸಿದರೆ ಒತ್ತುವ ಬಲ ಮಧ್ಯಕ್ಕೇ ಬೀಳುತ್ತದೆ. ದಡದಿಂದ ದಡಕ್ಕೆ ಬಿಗಿದ ಹಗ್ಗಕ್ಕೆ ತೆಪ್ಪವನ್ನು ಕಟ್ಟಿಕೊಂಡರೆ ಸರಿಯುವುದೂ ನಿಲ್ಲುತ್ತದೆ, ಆ ಹಗ್ಗದ ಗಂಟುಗಳೇ ಅಳತೆಯ ಜಾಗವನ್ನೂ ಗೊತ್ತುಮಾಡುತ್ತವೆ. ಮೊಬೈಲಿನ ಜಿಪಿಎಸ್ ಬಯಲಿನಲ್ಲಿ ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತದೆ. ಹಳ್ಳಿ ಕೆರೆಯ ಹೂಳಿನ ಲೆಕ್ಕಕ್ಕೆ ಅಷ್ಟು ಸಾಕು.

ಸರಳಿಗೆ ಸಿಕ್ಕಿದ ಪದರ ಏನು ಎಂಬ ಅನುಮಾನವಿದ್ದರೆ ಅದನ್ನು ಕಣ್ಣಿಂದಲೇ ನೋಡಬೇಕು. ಎರಡು ಇಂಚಿನ ಪಾರದರ್ಶಕ ಕೊಳವೆಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಯನ್ನು ರಬ್ಬರ್ ಬಿರಡೆಯಿಂದ ಬಿಗಿಯಾಗಿ ಮುಚ್ಚಿ ಎಳೆದರೆ ಪದರಗಳ ಸಮೇತ ಹೂಳು ಒಳಗೇ ಬರುತ್ತದೆ. ಮೇಲಿನ ಕಪ್ಪು ಕೊಳಚೆ, ನಡುವಿನ ಬೂದು ಜೇಡಿ, ತಳದ ಕೆಮ್ಮಣ್ಣು ಗಾಜಿನಾಚೆ ಸ್ಪಷ್ಟವಾಗಿ ಕಾಣುತ್ತವೆ. ಮೂಲ ನೆಲ ಸಿಕ್ಕಿತು ಎನ್ನಲು ಕೆಮ್ಮಣ್ಣಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಕೊಳವೆಯ ಗೋಡೆಗೆ ಉಜ್ಜಿಕೊಂಡು ಕೆಸರು ಒಳಗೇ ಕುಗ್ಗುವುದರಿಂದ ಕೊಳವೆಯಲ್ಲಿ ಕಾಣುವ ಉದ್ದ ನಿಜವಾದ ದಪ್ಪಕ್ಕಿಂತ ಕಡಿಮೆ ಇರುತ್ತದೆ. ಆದ್ದರಿಂದ ಇದನ್ನು ಪದರ ಗುರುತಿಸಲು ಬಳಸಬೇಕೇ ಹೊರತು ದಪ್ಪ ಅಳೆಯಲು ಅಲ್ಲ. ಕೊಳಚೆ ನೀರಿನ ಶುದ್ಧೀಕರಣ ಘಟಕಗಳಲ್ಲಿ ಬುಡದಲ್ಲಿ ಗುಂಡಿನ ಕವಾಟವಿರುವ ಇಂಥದ್ದೇ ಕೊಳವೆಯಿಂದ ತೊಟ್ಟಿಯ ಕೆಸರಿನ ಮಟ್ಟ ನೋಡುತ್ತಾರೆ. ಅಂಬಲಿ ಹದದ ಮೇಲ್ಪದರಕ್ಕೆ ಅದು ಒಳ್ಳೆಯ ಸಾಧನ.

ಕೊಳವೆಯಿಂದ ತೆಗೆದ ಹೂಳನ್ನು ಒಂದು ಲೀಟರಿನ ಡಬ್ಬಿಗೆ ತುಂಬಿ ತೂಗಿದರೆ ಬೆಲೆಬಾಳುವ ಇನ್ನೊಂದು ಅಂಕಿ ಸಿಗುತ್ತದೆ. ಮೊದಲು ಹೇಳಿದ 1.14 ಕಿಲೋ ತೂಗುವ ಕೆಸರಿನಲ್ಲಿ ನಿಜವಾದ ಮಣ್ಣು 230 ಗ್ರಾಮಿನ ಆಸುಪಾಸು. ಅದು ಒಣಗಿ, ತೂಕದಲ್ಲಿ ನೀರಿನ ಪಾಲು ನೂರಕ್ಕೆ 40ಕ್ಕೆ ಇಳಿದಾಗ ಗಾತ್ರ ಸುಮಾರು ಕಾಲು ಭಾಗಕ್ಕೆ ಕುಗ್ಗುತ್ತದೆ. ನೀರಿನಡಿ ಒಂದು ಮೀಟರ್ ದಪ್ಪವಿದ್ದ ಹೂಳು ಬತ್ತಿದ ಕೆರೆಯಲ್ಲಿ ಒಂದು ಗೇಣಿನಷ್ಟಾಗುವುದು ಹೀಗೆ. ಹೂಳಿನ ಪ್ರಮಾಣವನ್ನು ಒದ್ದೆಯಲ್ಲಿ ಅಳೆದು ಒಣಗಿದ್ದನ್ನು ಸಾಗಿಸಿದರೆ, ಅಥವಾ ಒಣಗಿದ್ದನ್ನು ಅಳೆದು ಒದ್ದೆಯ ದರದಲ್ಲಿ ಬಿಲ್ಲು ಮಾಡಿದರೆ, ಲೆಕ್ಕ ಎಂದೂ ಕೂಡಿಬರುವುದಿಲ್ಲ. ಕರಾರಿನಲ್ಲಿ ಯಾವ ಸ್ಥಿತಿಯ ಹೂಳು ಎಂಬುದನ್ನು ಬರೆದುಕೊಳ್ಳುವುದು ಇದರಿಂದಾಗಿಯೇ ಅವಶ್ಯ.

ಎಲೆಕ್ಟ್ರಾನಿಕ್ ಸಾಧನಗಳಲ್ಲಿ ತೀರಾ ಅಗ್ಗದ್ದು ಬೆಳಕಿನದು. ಒಂದು ಎಲ್‌ಇಡಿ ದೀಪ, ಅದರೆದುರು ಬೆಳಕು ಗ್ರಹಿಸುವ ಬಿಡಿಭಾಗ, ನಡುವೆ ಒಂದೆರಡು ಸೆಂಟಿಮೀಟರ್ ಸಂದಿ. ಎರಡನ್ನೂ ನೀರು ಹೊಗದಂತೆ ರಾಳದಲ್ಲಿ ಮುಚ್ಚಿ ಗುರುತಿನ ಹಗ್ಗದಲ್ಲಿ ಇಳಿಸುವುದು. ಸಂದಿಗೆ ಕೆಸರು ಬಂದ ಕೂಡಲೇ ಬೆಳಕು ಕಡಿದುಹೋಗುತ್ತದೆ. ಭಾರದ ಮಾತೇ ಇಲ್ಲದ್ದರಿಂದ, ಬಿಲ್ಲೆಯೂ ನಿಲ್ಲದಷ್ಟು ತೆಳುವಾದ ಪದರವನ್ನು ಇದು ಹಿಡಿಯುತ್ತದೆ. ಮಳೆಗಾಲದ ಬಗ್ಗಡ ನೀರಿನಲ್ಲಿ ಮಾತ್ರ ಮೇಲಿಂದಲೇ ಬೆಳಕು ಮಂಕಾಗುವುದರಿಂದ ನಂಬಲಾಗದು. ಒತ್ತಡ ಅಳೆಯುವ ಸಣ್ಣ ಸೆನ್ಸರುಗಳೂ ಸಿಗುತ್ತವೆ. ನೀರಿನಲ್ಲಿ ಮೀಟರಿಗೆ ಸುಮಾರು 9.8 ಕಿಲೋಪಾಸ್ಕಲ್ ಏರುವ ಒತ್ತಡ, 1.14 ಸಾಂದ್ರತೆಯ ಹರಿಯುವ ಕೆಸರಿನಲ್ಲಿ 11.2ರಷ್ಟು ಏರುತ್ತದೆ. ಹಗ್ಗ ತೋರಿಸುವ ಆಳಕ್ಕೂ ಒತ್ತಡ ತೋರಿಸುವ ಆಳಕ್ಕೂ ವ್ಯತ್ಯಾಸ ಕಂಡಲ್ಲಿ ಕೆಸರು ಶುರು. ಕೂತು ಗಟ್ಟಿಯಾದ ಹೂಳಿನಲ್ಲಿ ಕಣಗಳ ಭಾರವನ್ನು ಕಣಗಳೇ ಹೊರುವುದರಿಂದ ಸೆನ್ಸರಿಗೆ ಬರೀ ನೀರಿನ ಒತ್ತಡ ತಿಳಿಯುತ್ತದೆ, ಆಗ ಈ ಉಪಾಯ ನಡೆಯದು. ಗಾಳಿಯ ಒತ್ತಡ ನಮ್ಮ ಸೀಮೆಯಲ್ಲಿ ದಿನದೊಳಗೇ ಮೂರು ನಾಲ್ಕು ಸೆಂಟಿಮೀಟರ್ ನೀರಿನಷ್ಟು ಏರಿಳಿಯುತ್ತದೆ, ಅದನ್ನೂ ಕಳೆಯಬೇಕು.

ಮೀನು ಹುಡುಕುವ ಸೋನಾರ್ ಈಗ ಕೆಲವು ಸಾವಿರ ರೂಪಾಯಿಗೆ ಸಿಗುವುದರಿಂದ ಕೆರೆ ಅಳೆಯಲು ಹಲವರು ಅದನ್ನೇ ಕೊಳ್ಳುತ್ತಾರೆ. ನೀರಿನೊಳಗೆ ಬಿಟ್ಟ ಶಬ್ದ ತಳಕ್ಕೆ ತಾಗಿ ಮರಳಲು ಹಿಡಿದ ಹೊತ್ತಿನಿಂದ ಅದು ಆಳ ಲೆಕ್ಕ ಹಾಕುತ್ತದೆ. ಐದು ಮೀಟರ್ ಆಳಕ್ಕೆ ಈ ಹೊತ್ತು ಸೆಕೆಂಡಿನ ಸಾವಿರದಲ್ಲಿ ಏಳು ಪಾಲಿಗಿಂತ ಕಡಿಮೆ. ಶಬ್ದದ ವೇಗ 20 ಡಿಗ್ರಿ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,482 ಮೀಟರ್, 30 ಡಿಗ್ರಿಯಲ್ಲಿ 1,509. ಈ ವ್ಯತ್ಯಾಸದಿಂದ ಐದು ಮೀಟರಿಗೆ ಒಂಬತ್ತು ಸೆಂಟಿಮೀಟರ್ ತಪ್ಪಬಹುದು. ತಗಡಿನ ತಟ್ಟೆಯೊಂದನ್ನು ಎರಡು ಮೀಟರ್, ನಾಲ್ಕು ಮೀಟರ್ ಆಳಕ್ಕೆ ಇಳಿಬಿಟ್ಟು ಸೋನಾರ್ ಏನು ತೋರಿಸುತ್ತದೆಂದು ನೋಡಿದರೆ ಈ ತಪ್ಪನ್ನು ತಿದ್ದಿಕೊಳ್ಳಬಹುದು.

ತಿದ್ದಿಕೊಳ್ಳಲಾಗದ ತೊಡಕು ಕೆಸರಿನದು. 200 ಕಿಲೋಹರ್ಟ್ಸಿನ ಶಬ್ದ ಮೆತ್ತನೆಯ ಕೆಸರಿನ ಮೇಲ್ಮೈಯಿಂದಲೇ ಮರಳುತ್ತದೆ, ಅಂದರೆ ಮೇಲಿನ ತಳವನ್ನು ತೋರಿಸುತ್ತದೆ. 24ರಿಂದ 33 ಕಿಲೋಹರ್ಟ್ಸಿನ ದಪ್ಪ ದನಿಯ ಶಬ್ದ ಕೆಸರಿನೊಳಗೆ ಇಳಿದು ಗಟ್ಟಿ ಪದರದಿಂದ ಮರಳುತ್ತದೆ. ಸಮೀಕ್ಷೆಯವರ ದುಬಾರಿ ಯಂತ್ರ ಎರಡನ್ನೂ ಒಟ್ಟಿಗೆ ಬಿಟ್ಟು ಎರಡು ತಳ ಬರೆಯುತ್ತದೆ. ಆದರೆ ಕೊಳಚೆ ಸೇರುವ ಕೆರೆಗಳಲ್ಲಿ ಈ ದುಬಾರಿ ಯಂತ್ರಕ್ಕೂ ಸೋಲು ಕಾದಿರುತ್ತದೆ. ಕೊಳೆಯುವ ಹೂಳಿನೊಳಗೆ ಮೀಥೇನ್ ಗುಳ್ಳೆಗಳು ತುಂಬಿದ್ದರೆ ಶಬ್ದ ಅವುಗಳಿಗೇ ತಾಗಿ ಮರಳಿ, ಕೆಳಗಿನದೇನೂ ಕಾಣುವುದಿಲ್ಲ. ನೀರೊಳಗಿನ ಕಳೆಯ ತುದಿಯನ್ನೇ ತಳವೆಂದು ತೋರಿಸುವುದೂ ಉಂಟು, ಅರ್ಧ ಮೀಟರಿಗಿಂತ ತೆಳು ನೀರಿನಲ್ಲಿ ಅಂಕಿಯೇ ಬಾರದಿರುವುದೂ ಉಂಟು. ಅಗ್ಗದ ಸೋನಾರನ್ನು ಮೇಲಿನ ತಳವನ್ನು ಬೇಗ ಬೇಗ ಅಳೆಯಲು ಬಳಸಿ, ಕೆಳಗಿನದನ್ನು ಸರಳಿಗೆ ಬಿಡುವುದೇ ಸರಿಯಾದ ಹಂಚಿಕೆ. ಕಾರಿನ ಹಿಂಬದಿಗೆ ಹಾಕುವ ಜಲನಿರೋಧಕ ಸೆನ್ಸರು ಇದಕ್ಕೆ ಆಗಿಬರುವುದಿಲ್ಲ. ಅದು ಗಾಳಿಗೆಂದು ಮಾಡಿದ್ದು. ನೀರಿನಲ್ಲಿ ಶಬ್ದ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಓಡುತ್ತದೆ.

ಸಾಧನ ಯಾವುದಾದರೂ ಆಳವನ್ನು ನೀರಿನ ಮೇಲ್ಮೈಯಿಂದ ಅಳೆಯುತ್ತೇವೆ, ಆ ಮೇಲ್ಮೈ ಸ್ಥಿರವಲ್ಲ. ಬೇಸಿಗೆಯಲ್ಲಿ ಆವಿಯಾಗುವುದರಿಂದಲೇ ದಿನಕ್ಕೆ ಅರ್ಧ ಸೆಂಟಿಮೀಟರಿನಷ್ಟು ಇಳಿದರೆ ಹತ್ತು ದಿನಕ್ಕೆ ಐದು ಸೆಂಟಿಮೀಟರ್. ತೂಬು ಎತ್ತಿದ್ದರೆ ಕೇಳುವುದೇ ಬೇಡ. ಕೆರೆಯ ಕೋಡಿಯ ಕಲ್ಲನ್ನು ಆಧಾರವಾಗಿ ಇಟ್ಟುಕೊಂಡು, ಪ್ರತಿದಿನ ಬೆಳಿಗ್ಗೆ ನೀರು ಅದಕ್ಕಿಂತ ಎಷ್ಟು ಕೆಳಗಿದೆ ಎಂದು ಬರೆದು, ಎಲ್ಲ ಆಳಗಳನ್ನೂ ಕೋಡಿಯ ಮಟ್ಟಕ್ಕೆ ಪರಿವರ್ತಿಸಬೇಕು. ಕೋಡಿಯಿಂದ ನೀರಂಚಿಗೆ ಮಟ್ಟ ತರಲು ಗಾರೆಯವರ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಈ ಒಂದು ಶಿಸ್ತು ತಪ್ಪಿದರೆ ಎಷ್ಟು ಒಳ್ಳೆಯ ಸಾಧನವಿದ್ದೂ ಮುಂದಿನ ವರ್ಷದ ಅಳತೆಯೊಡನೆ ಹೋಲಿಸಲಾಗದು.

ಅಳೆಯುವ ಜಾಗಗಳನ್ನು 50 ಮೀಟರಿಗೊಂದು ಸಾಲು, ಸಾಲಿನಲ್ಲಿ 25 ಮೀಟರಿಗೊಂದು ಬಿಂದು ಎಂದು ಹಂಚಿದರೆ 20 ಹೆಕ್ಟೇರಿಗೆ ಸುಮಾರು 160 ಬಿಂದುಗಳಾಗುತ್ತವೆ. ಪ್ರತಿ ಬಿಂದುವಿನ ಪಾಲು 1,250 ಚದರ ಮೀಟರ್. ಅಲ್ಲಿ ಹೂಳು 80 ಸೆಂಟಿಮೀಟರ್ ಇದ್ದರೆ 1,000 ಘನಮೀಟರ್. ಎಲ್ಲವನ್ನೂ ಕೂಡಿದರೆ ಕೆರೆಯ ಹೂಳು. ಹೂಳು ಸಮವಾಗಿ ಕೂರುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಹಳ್ಳ ಬಂದು ಸೇರುವಲ್ಲಿ ಮರಳು, ದಪ್ಪ ಕಣಗಳು ನಿಲ್ಲುತ್ತವೆ. ಅತಿ ಸಣ್ಣ ಜೇಡಿ ಏರಿಯ ಬಳಿಯ ಆಳದವರೆಗೆ ತೇಲಿಹೋಗಿ ಕೂರುತ್ತದೆ. ಇಟ್ಟಿಗೆಗೆಂದು ಮಣ್ಣು ತೆಗೆದ ಹಳೆಯ ಗುಂಡಿಗಳಲ್ಲಿ ಆಳುದ್ದ ಹೂಳು ತುಂಬಿರಬಹುದು. ಇಂಥ ಕಡೆ ಬಿಂದುಗಳನ್ನು ಒತ್ತೊತ್ತಾಗಿ ಇಡಬೇಕು, ಗುಂಡಿ ಎಲ್ಲಿತ್ತು ಎಂಬುದನ್ನು ಊರಿನ ಹಿರಿಯರನ್ನೂ ನೀರಗಂಟಿಯನ್ನೂ ಕೇಳಿ ತಿಳಿಯಬೇಕು.

ಕೆರೆ ಬತ್ತಿದಾಗ ಅಳೆಯುವುದು ಇನ್ನೂ ಸುಲಭವೆನಿಸುತ್ತದೆ. ಗುಂಡಿ ತೋಡಿ ಪದರ ನೋಡಬಹುದು, ಮಟ್ಟ ತೆಗೆಯಬಹುದು. ಆದರೆ ಒಣಗಿದಂತೆ ಕಾಣುವ ಅಂಗಳದ ಹೆಪ್ಪಳಿಕೆಯಡಿ ತಿಂಗಳುಗಟ್ಟಲೆ ಕೆಸರು ಹಸಿಯಾಗಿಯೇ ಇರುತ್ತದೆ. ಕಾಲಿಡುವ ಮೊದಲು ಪ್ರತಿ ಹೆಜ್ಜೆಯ ಮುಂದೆ ಕೋಲು ಚುಚ್ಚಿ ನೋಡಬೇಕು, ಒಬ್ಬರೇ ಇಳಿಯಬಾರದು, ಸೊಂಟಕ್ಕೆ ಹಗ್ಗ ಇರಬೇಕು. ತೆಪ್ಪದ ಮೇಲಿನ ಕೆಲಸಕ್ಕೂ ಜೀವರಕ್ಷಕ ಜಾಕೆಟ್ ಕಡ್ಡಾಯ. ಕೆಸರಿನಲ್ಲಿ ಕಚ್ಚಿಕೊಂಡ ಸರಳನ್ನು ಬಾಗಿ ಕಿತ್ತೆಳೆಯಲು ಹೋದವರು ನೀರಿಗೆ ಬೀಳುತ್ತಾರೆ. ಸರಳನ್ನು ತಿರುಗಿಸುತ್ತಾ, ಅಡಿಗೆ ನೀರು ನುಗ್ಗಲು ಬಿಟ್ಟು, ಸಾವಕಾಶವಾಗಿ ಮೇಲೆತ್ತಬೇಕು.

ಹೂಳೆತ್ತಿದ ಮೇಲೆ ಅದೇ ಬಿಲ್ಲೆ, ಅದೇ ಸರಳು, ಅದೇ ಬಿಂದುಗಳಲ್ಲಿ ಮತ್ತೊಮ್ಮೆ ಅಳೆಯಬೇಕು. ಮೊದಲು ಬಿಲ್ಲೆಯಲ್ಲಿ, ಆಮೇಲೆ ಸೋನಾರಿನಲ್ಲಿ ಅಳೆದರೆ ಎರಡರ ವ್ಯತ್ಯಾಸದಲ್ಲಿ ತೆಗೆದ ಹೂಳೆಷ್ಟು, ಸಾಧನದ ಅಂತರವೆಷ್ಟು ಎಂದು ಬಿಡಿಸಲಾಗದು. ನೀರಿನ ಮಟ್ಟ ಬೇರೆಯಾಗಿದ್ದರೆ ಚಿಂತೆಯಿಲ್ಲ, ಕೋಡಿಯ ಕಲ್ಲು ಅಲ್ಲೇ ಇರುತ್ತದೆ. ಅಗೆದ ಅಂಗಳದಲ್ಲಿ ಹತ್ತಾರು ಕಡೆ ಕಲ್ಲುಗೂಟ ನೆಟ್ಟು, ನೆಲದಿಂದ ಮೇಲಕ್ಕೆ ಸೆಂಟಿಮೀಟರಿನ ಗುರುತು ಕೆತ್ತಿಸಿದರೆ ಮುಂದಿನ ಮಳೆಗಾಲಗಳು ಎಷ್ಟೆಷ್ಟು ಹೂಳು ತಂದವು ಎಂಬುದನ್ನು ಪ್ರತಿ ಬೇಸಿಗೆಯಲ್ಲೂ ನೇರವಾಗಿ ಓದಬಹುದು. ನೀರು ಬತ್ತದ ವರ್ಷಗಳಲ್ಲಿ ಗೂಟದ ಪಕ್ಕದಲ್ಲೇ ಬಿಲ್ಲೆ ಇಳಿಸಿ, ಗೂಟದ ತಲೆಯಿಂದ ಬಿಲ್ಲೆಗಿರುವ ಅಂತರವನ್ನು ಬರೆದುಕೊಳ್ಳಬೇಕು.